ಕ್ರಿಯೆಯಿಂದ ಸಂಸ್ಥೆಗೆ: ಇಂಗ್ಲಿಷಿನ ‘ಗವರ್ನ್’ ಪದಕುಲದ ಅರ್ಥಚರಿತ್ರೆ

ಆಳ್ವಿಕೆಗೆ ಸಂಬಂಧಿಸಿದ ಇಂಗ್ಲಿಷ್ ಪದಗಳಲ್ಲಿ ‘ಗವರ್ನ್’ ಎಂಬುದರ ನಿಷ್ಪತ್ತಿ ಭಾಷಾಶಾಸ್ತ್ರದ ಹೊರಗೂ ಸಾಕಷ್ಟು ಪ್ರಸಿದ್ಧವಾಗಿದೆ. ಹಡಗಿನ ಚುಕ್ಕಾಣಿ ಹಿಡಿದು ನಡೆಸುವುದು ಎಂಬರ್ಥದ ಗ್ರೀಕ್ ‘ಕುಬೆರ್ನಾನ್’, ಅದರಿಂದ ಲ್ಯಾಟಿನ್ನಿನ ‘ಗುಬೆರ್ನಾರೆ’, ಹಳೆಯ ಫ್ರೆಂಚಿನ ‘ಗೊವೆರ್ನೆರ್’, ಕಡೆಗೆ ಇಂಗ್ಲಿಷಿನ ‘ಗವರ್ನ್’ ಎಂಬ ಈ ಪರಂಪರೆಯಲ್ಲಿ ಯಾವ ವಿವಾದವೂ ಇಲ್ಲ. ವಿವಾದವಿರಬೇಕಾದದ್ದು ಅದರಿಂದ ಎಳೆಯುವ ತೀರ್ಮಾನದ ಬಗ್ಗೆ. 1992ರಲ್ಲಿ ಡೇವಿಡ್ ಆಸ್‌ಬೋರ್ನ್ ಮತ್ತು ಟೆಡ್ ಗೇಬ್ಲರ್ ತಮ್ಮ ‘ರೀಇನ್ವೆಂಟಿಂಗ್ ಗವರ್ನ್‌ಮೆಂಟ್’ ಕೃತಿಯಲ್ಲಿ ಸರ್ಕಾರದ ಕೆಲಸ ಚುಕ್ಕಾಣಿ ಹಿಡಿಯುವುದೇ ಹೊರತು ಹುಟ್ಟು ಹಾಕುವುದಲ್ಲ ಎಂಬ ವಾದವನ್ನು ಮಂಡಿಸಿದರು. ಪದದ ಮೂಲಾರ್ಥವೇ ಈ ನೀತಿಗೆ ಸಾಕ್ಷಿ ಎಂಬಂತಹ ಮಾತು ಆಡಳಿತಶಾಸ್ತ್ರದ ಬರಹಗಳಲ್ಲಿ ಅನಂತರ ಹಲವೆಡೆ ಕಾಣಿಸಿಕೊಂಡಿದೆ. ನಿಷ್ಪತ್ತಿಯನ್ನು ಹೀಗೆ ನೀತಿಗೆ ಆಧಾರವಾಗಿಸುವುದು ಭಾಷೆಯ ಚರಿತ್ರೆಗೆ ಮಾಡುವ ಅನ್ಯಾಯವೆಂದು ನನ್ನ ಅಭಿಪ್ರಾಯ. ಚುಕ್ಕಾಣಿಯ ರೂಪಕ ಇಂಗ್ಲಿಷಿಗೆ ಬರುವ ಮುನ್ನವೇ ಸವೆದುಹೋಗಿತ್ತು. ಇಂಗ್ಲಿಷಿನ ಒಳಗೆ ಈ ಪದಕುಲಕ್ಕೆ ಆದದ್ದು ಬೇರೆಯೇ: ಕ್ರಿಯೆಯನ್ನು ಸೂಚಿಸುತ್ತಿದ್ದ ನಾಮಪದ ಸಂಸ್ಥೆಯ ಹೆಸರಾಗಿ ಗಟ್ಟಿಗೊಂಡಿತು, ಹಾಗೆ ತೆರವಾದ ಸ್ಥಾನಕ್ಕೆ ಮತ್ತೊಂದು ಕ್ರಿಯಾನಾಮವನ್ನು ಕರೆಯಬೇಕಾಯಿತು.

ಮೊದಲು ರೂಪಕದ ವಿಚಾರ. ರಾಜ್ಯವನ್ನು ಹಡಗಿಗೆ, ಆಳುವವನನ್ನು ಚುಕ್ಕಾಣಿಗನಿಗೆ ಹೋಲಿಸುವುದು ಪ್ಲೇಟೋನ ‘ರಿಪಬ್ಲಿಕ್’ನ ಆರನೆಯ ಭಾಗದಲ್ಲಿ ವಿಸ್ತಾರವಾಗಿಯೇ ಇದೆ. ಸಿಸೆರೋನ ಕಾಲಕ್ಕೆ ‘ಗುಬೆರ್ನಾರೆ’ ಎಂಬುದು ಗಣರಾಜ್ಯವನ್ನು ನಡೆಸುವುದಕ್ಕೆ ಸಹಜವಾಗಿ ಸಲ್ಲುತ್ತಿತ್ತು. 13ನೆಯ ಶತಮಾನದ ಕೊನೆಯ ಹೊತ್ತಿಗೆ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು ಹೀಗೆ ಆಳ್ವಿಕೆಯ ಅರ್ಥದಲ್ಲಿ ನೆಲೆನಿಂತಿದ್ದ ಪದ. ಫ್ರೆಂಚಿನಲ್ಲಿ ಹಡಗಿನ ಅರ್ಥವೂ ಉಳಿದಿದೆ. ಅಲ್ಲಿ ಚುಕ್ಕಾಣಿಗೆ ಇಂದಿಗೂ ‘ಗುವೆರ್ನಾಯ್’ ಎಂದೇ ಹೆಸರು. ಫ್ರೆಂಚ್ ಭಾಷಿಕನಿಗೆ ರೂಪಕದ ಎರಡೂ ತುದಿಗಳು ಕಣ್ಣಿಗೆ ಬೀಳುತ್ತವೆ. ಇಂಗ್ಲಿಷ್ ಭಾಷಿಕನಿಗೆ ಒಂದೇ ತುದಿ ಕಾಣುತ್ತದೆ, ಏಕೆಂದರೆ ಹಡಗಿನ ಕೆಲಸಕ್ಕೆ ಅವನಲ್ಲಿ ದೇಶ್ಯಪದವೊಂದು ಮೊದಲೇ ಇತ್ತು.

ಆ ದೇಶ್ಯಪದದ ಕಥೆಯೂ ಇಲ್ಲಿ ಪ್ರಸ್ತುತ. ಇಂದಿನ ‘ಸ್ಟೀರ್’ ಎಂಬುದರ ಪ್ರಾಚೀನ ರೂಪವಾದ ‘ಸ್ಟೇಒರನ್’ ಪ್ರಾಚೀನ ಇಂಗ್ಲಿಷಿನಲ್ಲಿ ಹಡಗು ನಡೆಸುವುದರ ಜೊತೆಗೆ ಜನರನ್ನು ಅಂಕೆಯಲ್ಲಿಡುವುದು, ತಿದ್ದುವುದು, ಆಳುವುದು ಎಂಬ ಅರ್ಥಗಳನ್ನೂ ಹೊತ್ತಿತ್ತು. ಗ್ರೀಕಿನಲ್ಲಿ ಆದ ಅರ್ಥವಿಸ್ತಾರವೇ ಇಲ್ಲಿ ಸ್ವತಂತ್ರವಾಗಿ ಆಗಿತ್ತು. ಫ್ರೆಂಚ್ ಪದ ಬಂದು ನೆಲೆಯೂರಿದ ಮೇಲೆ ಇವೆರಡರ ನಡುವೆ ಕೆಲಸದ ಹಂಚಿಕೆಯಾಯಿತೆಂದು ತೋರುತ್ತದೆ: ನೀರಿನ ಮೇಲಿನದು ದೇಶ್ಯಪದಕ್ಕೆ, ಸಿಂಹಾಸನದ್ದು ಎರವಲು ಪದಕ್ಕೆ. ಇದಕ್ಕಿಂತ ಕುತೂಹಲಕರವಾದದ್ದು ‘ವೀಲ್ಡ್’ ಎಂಬ ಪದ. ಅದರ ಪ್ರಾಚೀನ ರೂಪ ‘ವೆಆಲ್ಡನ್’ ಎಂದರೆ ಆಳು ಎಂದೇ ಅರ್ಥ. ಇಂದು ಅದು ಕತ್ತಿಯನ್ನೋ ಲೇಖನಿಯನ್ನೋ ಪ್ರಭಾವವನ್ನೋ ಕೈಯಲ್ಲಿ ಹಿಡಿದು ಪ್ರಯೋಗಿಸುವುದಕ್ಕೆ ಸೀಮಿತವಾಗಿದೆ. ಒಂದು ಪದ ಉಪಕರಣದಿಂದ ಆಳ್ವಿಕೆಯತ್ತ ಸಾಗಿದರೆ, ಅದೇ ಭಾಷೆಯ ಮತ್ತೊಂದು ಪದ ಆಳ್ವಿಕೆಯಿಂದ ಉಪಕರಣದತ್ತ ಸಾಗಿತು. ಮೂಲಾರ್ಥವೇ ನಿಜವಾದ ಅರ್ಥ ಎನ್ನುವವರು ಕತ್ತಿ ಹಿಡಿದವರೆಲ್ಲ ಆಳುವವರೆಂದೂ ಒಪ್ಪಬೇಕಾದೀತು.

ಚುಕ್ಕಾಣಿಯ ನೆನಪು ಇಂಗ್ಲಿಷಿನಲ್ಲಿ ಎಷ್ಟರ ಮಟ್ಟಿಗೆ ಅಳಿದಿತ್ತು ಎಂಬುದಕ್ಕೆ 1611ರ ಅಧಿಕೃತ ಬೈಬಲ್ ಅನುವಾದ ಒಳ್ಳೆಯ ಪುರಾವೆ. ಗ್ರೀಕ್ ಮೂಲದಲ್ಲಿ ‘ಕುಬೆರ್ನೆತೆಸ್’, ಅಂದರೆ ಚುಕ್ಕಾಣಿಗ, ಎರಡು ಕಡೆ ಬರುತ್ತಾನೆ. ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯದಲ್ಲಿ ಅನುವಾದಕರು ಅವನನ್ನು ‘ಮಾಸ್ಟರ್’ ಎಂದರು. ಪ್ರಕಟನೆಯ 18ನೆಯ ಅಧ್ಯಾಯದಲ್ಲಿ ‘ಶಿಪ್‌ಮಾಸ್ಟರ್’ ಎಂದರು. ಎರಡೂ ಕಡೆ ‘ಗವರ್ನರ್’ ಎಂಬ ಸಜಾತಿ ಪದ ಅವರಿಗೆ ಬೇಕೆನಿಸಲಿಲ್ಲ. ಯಾಕೋಬನ ಪತ್ರದ 3ನೆಯ ಅಧ್ಯಾಯದಲ್ಲಿ ಹಡಗು ನಡೆಸುವವನನ್ನು ಅವರು ‘ಗವರ್ನರ್’ ಎಂದು ಕರೆದದ್ದುಂಟು. ಆದರೆ ಅಲ್ಲಿ ಮೂಲದಲ್ಲಿರುವುದು ನೇರವಾಗಿ ನಡೆಸುವವನು ಎಂಬರ್ಥದ ಬೇರೊಂದು ಗ್ರೀಕ್ ಪದ. ಎಂದರೆ ಹಡಗಿನ ಸಂದರ್ಭದಲ್ಲಿ ಈ ಪದ ಆಗಿನ ಇಂಗ್ಲಿಷಿಗೆ ಅಸಾಧ್ಯವಾಗಿರಲಿಲ್ಲ; ಗ್ರೀಕಿನೊಂದಿಗಿನ ಅದರ ನಂಟು ಮಾತ್ರ ಅನುವಾದಕರ ಆಯ್ಕೆಯನ್ನು ನಿರ್ದೇಶಿಸಲಿಲ್ಲ.

ಅದೇ ಅನುವಾದದ ಇನ್ನೊಂದು ಸ್ಥಳ ನಮ್ಮ ಮುಖ್ಯ ಪ್ರಶ್ನೆಗೆ ದಾರಿ ಮಾಡಿಕೊಡುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೆಯ ಅಧ್ಯಾಯದಲ್ಲಿ ಸಭೆಗೆ ದೊರೆತ ವರಗಳ ಪಟ್ಟಿಯಿದೆ. ಅದರಲ್ಲಿ ‘ಕುಬೆರ್ನೆಸೆಯ್ಸ್’ ಎಂಬ ಬಹುವಚನವನ್ನು ‘ಗವರ್ನ್‌ಮೆಂಟ್ಸ್’ ಎಂದು ಅನುವಾದಿಸಲಾಗಿದೆ. ಇಂದಿನ ಓದುಗನಿಗೆ ಇದು ವಿಚಿತ್ರ; ಸರ್ಕಾರಗಳು ವರವಾಗುವುದೆಂತು? 1611ರ ಓದುಗನಿಗೆ ಅಲ್ಲಿ ಕಂಡದ್ದು ನಡೆಸುವ ಸಾಮರ್ಥ್ಯ. ಯೆಶಾಯನ 9ನೆಯ ಅಧ್ಯಾಯದಲ್ಲಿ ಶಿಶುವಿನ ಹೆಗಲ ಮೇಲೆ ಇರುವ ‘ಗವರ್ನ್‌ಮೆಂಟ್’ ಸಹ ಆಳುವ ಹೊಣೆಯೇ ಹೊರತು ಮಂತ್ರಿಮಂಡಲವಲ್ಲ. ಷೇಕ್ಸ್‌ಪಿಯರನಲ್ಲಿ ಇದೇ ಪದ ಇನ್ನೂ ಒಳಕ್ಕೆ ಸರಿದು ಆತ್ಮಸಂಯಮವಾಗುತ್ತದೆ. ‘ನಾಲ್ಕನೆಯ ಹೆನ್ರಿ’ ನಾಟಕದ ಮೊದಲ ಭಾಗದಲ್ಲಿ ವೂಸ್ಟರ್ ತನ್ನ ಮುಂಗೋಪಿ ಅಣ್ಣನ ಮಗ ಹಾಟ್‌ಸ್ಪರನಿಗೆ ನಿನ್ನಲ್ಲಿ ಇದರ ಕೊರತೆಯಿದೆ ಎಂದು ಬುದ್ಧಿ ಹೇಳುತ್ತಾನೆ. ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ನ ಕೊನೆಯ ಅಂಕದಲ್ಲಿ ಮಗು ಊದಿದ ಕೊಳಲಿನ ನಾದಕ್ಕೂ ಹಿಡಿತವಿಲ್ಲವೆನ್ನಲು ಬಳಕೆಯಾಗುವುದು ಈ ಪದವೇ. ಈ ಪ್ರಯೋಗಗಳಲ್ಲೆಲ್ಲ ‘ಗವರ್ನ್‌ಮೆಂಟ್’ ಒಂದು ಕ್ರಿಯೆ ಅಥವಾ ಗುಣ. ಅದು ಒಬ್ಬನಲ್ಲಿ ಇರಬಹುದು, ಇಲ್ಲದಿರಬಹುದು. ಬೀಳುವುದಿಲ್ಲ, ರಾಜೀನಾಮೆ ಕೊಡುವುದೂ ಇಲ್ಲ.

ಈ ಪದಕುಲದ ಸದಸ್ಯರಲ್ಲಿ ಯಾವುದನ್ನು ಆರಿಸಬೇಕೆಂಬುದು ಆ ಶತಮಾನದಲ್ಲಿ ಬರಿಯ ಶೈಲಿಯ ಪ್ರಶ್ನೆಯಾಗಿರಲಿಲ್ಲ. 1534ರ ಶಾಸನ ಎಂಟನೆಯ ಹೆನ್ರಿಯನ್ನು ಇಂಗ್ಲೆಂಡಿನ ಚರ್ಚಿನ ‘ಪರಮ ಶಿರಸ್ಸು’ ಎಂದು ಸಾರಿತ್ತು. 1559ರಲ್ಲಿ ಅವನ ಮಗಳು ಮೊದಲನೆಯ ಎಲಿಜಬೆತ್‌ಗೆ ಅದೇ ಅಧಿಕಾರವನ್ನು ಮರಳಿ ಕೊಡುವಾಗ ಪಾರ್ಲಿಮೆಂಟು ‘ಹೆಡ್’ ಎಂಬುದನ್ನು ಬಿಟ್ಟು ‘ಗವರ್ನರ್’ ಎಂದಿತು. ಚರ್ಚಿಗೆ ಕ್ರಿಸ್ತನೊಬ್ಬನೇ ಶಿರಸ್ಸು ಎನ್ನುವವರೂ, ಹೆಣ್ಣು ಶಿರಸ್ಸಾಗುವುದನ್ನು ಒಪ್ಪದವರೂ ಈ ಪದವನ್ನು ಸಹಿಸಿಕೊಳ್ಳಬಹುದಿತ್ತು. ‘ಶಿರಸ್ಸು’ ದೇಹದ ಅಂಗ, ಅದು ಸ್ಥಾನವನ್ನು ಹೇಳುತ್ತದೆ. ‘ಗವರ್ನರ್’ ಕರ್ತೃವಾಚಕ, ಅದು ಕೆಲಸವನ್ನು ಹೇಳುತ್ತದೆ. ಆ ಬಿರುದು ಇಂದಿಗೂ ಬ್ರಿಟನ್ನಿನ ಅರಸನದ್ದೇ ಆಗಿದೆ.

ಅದಕ್ಕೆ ಒಂದು ವರ್ಷ ಮುಂಚೆ, 1558ರಲ್ಲಿ, ಜಾನ್ ನಾಕ್ಸ್ ಹೆಣ್ಣಿನ ಆಳ್ವಿಕೆಯ ವಿರುದ್ಧ ಪ್ರಕಟಿಸಿದ ಪ್ರಸಿದ್ಧ ಹೊತ್ತಗೆಯ ಶೀರ್ಷಿಕೆಯಲ್ಲಿ ‘ರೆಜಿಮೆಂಟ್’ ಎಂಬ ಪದವಿದೆ. ಇಂದಿನ ಓದುಗರಲ್ಲಿ ಕೆಲವರಾದರೂ ಅಲ್ಲಿ ಮಹಿಳೆಯರ ಸೇನಾದಳವೊಂದನ್ನು ಕಲ್ಪಿಸಿಕೊಳ್ಳುತ್ತಾರೆ. ನಾಕ್ಸ್‌ನ ಕಾಲದಲ್ಲಿ ಅದರ ಅರ್ಥ ಆಳ್ವಿಕೆ ಎಂದಷ್ಟೇ. ಲ್ಯಾಟಿನ್ನಿನ ‘ರೆಗೆರೆ’ ಧಾತುವಿನಿಂದ ಬಂದ ಕ್ರಿಯಾನಾಮ ಅದು. ಆ ಶತಮಾನ ಮುಗಿಯುವಷ್ಟರಲ್ಲಿ ಅದು ಒಬ್ಬ ದಳಪತಿಯ ಅಧೀನದಲ್ಲಿರುವ ಸೈನಿಕರ ಗುಂಪಿಗೆ ಸಲ್ಲತೊಡಗಿ, ಕ್ರಮೇಣ ಹಳೆಯ ಅರ್ಥವನ್ನು ಕಳೆದುಕೊಂಡಿತು. ‘ಗವರ್ನ್‌ಮೆಂಟ್’ ನಿಧಾನವಾಗಿ ಹಿಡಿದ ದಾರಿಯೇ ಇದು: ಕ್ರಿಯೆ, ಆ ಕ್ರಿಯೆಯ ಪದ್ಧತಿ, ಕಡೆಗೆ ಅದನ್ನು ನಡೆಸುವ ಜನರ ಸಮೂಹ. ‘ಮಿನಿಸ್ಟ್ರಿ’, ‘ಅಡ್ಮಿನಿಸ್ಟ್ರೇಷನ್’, ‘ಮ್ಯಾನೇಜ್‌ಮೆಂಟ್’ ಪದಗಳೂ ಇದನ್ನೇ ತುಳಿದಿವೆ. 1689ರ ಕೊನೆಗೆ ಹೊರಬಂದ ಜಾನ್ ಲಾಕ್‌ನ ಎರಡು ಪ್ರಬಂಧಗಳ ಶೀರ್ಷಿಕೆಯಲ್ಲಿರುವ ‘ಗವರ್ನ್‌ಮೆಂಟ್’ ಮಧ್ಯದ ಮೆಟ್ಟಿಲಿನದು, ಪದ್ಧತಿಯನ್ನು ಹೇಳುವಂಥದು. ಕೊನೆಯ ಮೆಟ್ಟಿಲನ್ನು ಗುರುತಿಸಲು ಅನ್ವಯದ ಪರೀಕ್ಷೆ ಸಾಕು. ಬ್ರಿಟಿಷ್ ಇಂಗ್ಲಿಷಿನಲ್ಲಿ ಏಕವಚನದ ‘ಗವರ್ನ್‌ಮೆಂಟ್’ ಬಹುವಚನ ಕ್ರಿಯಾಪದವನ್ನು ತೆಗೆದುಕೊಳ್ಳಬಲ್ಲದು. ಕ್ರಿಯಾನಾಮವೊಂದು ಜನಸಮೂಹವಾಗಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಕರಣಸಾಕ್ಷ್ಯ ಬೇಕಿಲ್ಲ.

‘ಗವರ್ನೆನ್ಸ್’ ಇದಕ್ಕಿಂತ ಹಳೆಯ ರೂಪ. 14ನೆಯ ಶತಮಾನದಲ್ಲಿ ಚಾಸರನೂ ಅದನ್ನು ಬಳಸಿದ್ದಾನೆ. 16ನೆಯ ಶತಮಾನದಿಂದ ‘ಗವರ್ನ್‌ಮೆಂಟ್’ ಬಲಗೊಂಡಂತೆ ಅದು ಹಿಂದಕ್ಕೆ ಸರಿಯಿತು. 15ನೆಯ ಶತಮಾನದಲ್ಲಿ ಜಾನ್ ಫೋರ್ಟೆಸ್ಕ್ಯೂ ಇಂಗ್ಲಿಷಿನಲ್ಲಿ ಬರೆದ ರಾಜನೀತಿಗ್ರಂಥ 1714ರಲ್ಲಿ ಮೊದಲು ಅಚ್ಚಾದಾಗ ನಿರಂಕುಶ ಮತ್ತು ಮಿತ ರಾಜಪ್ರಭುತ್ವಗಳ ವ್ಯತ್ಯಾಸ ಎಂಬರ್ಥದ ಶೀರ್ಷಿಕೆ ಹೊತ್ತಿತ್ತು. 1885ರಲ್ಲಿ ಚಾರ್ಲ್ಸ್ ಪ್ಲಮರ್ ಸಂಪಾದಿಸಿದ ಆವೃತ್ತಿ ‘ದಿ ಗವರ್ನೆನ್ಸ್ ಆಫ್ ಇಂಗ್ಲೆಂಡ್’ ಎಂಬ ಹೆಸರನ್ನು ಮುಂದಿಟ್ಟಿತು. ಆಗ ಆ ಪದಕ್ಕೆ ಹಳೆಯ ಕಾಲದ ಗಾಂಭೀರ್ಯವೊಂದು ಅಂಟಿಕೊಂಡಿತ್ತು. 1926ರ ತನ್ನ ಬಳಕೆಯ ಕೋಶದಲ್ಲಿ ಫೌಲರ್ ಕೂಡ ಇದನ್ನು ಆರ್ಷಪದಗಳ ಸಾಲಿಗೆ ಸೇರಿಸಿ, ಇದರ ಕೆಲಸವನ್ನು ಬೇರೆ ಪದಗಳು ವಹಿಸಿಕೊಂಡಿವೆ ಎಂದು ಗುರುತಿಸಿದ. ಪ್ರಧಾನಿ ಹುದ್ದೆ ಬಿಟ್ಟ ವರ್ಷವೇ, 1976ರಲ್ಲಿ, ಹೆರಾಲ್ಡ್ ವಿಲ್ಸನ್ ತನ್ನ ಪುಸ್ತಕಕ್ಕೆ ‘ದಿ ಗವರ್ನೆನ್ಸ್ ಆಫ್ ಬ್ರಿಟನ್’ ಎಂದು ಹೆಸರಿಟ್ಟದ್ದರಲ್ಲೂ ಈ ಗಾಂಭೀರ್ಯದ ಆಸೆ ಇದ್ದಿರಬೇಕು.

ಅಲ್ಲಿಂದ ಹದಿಮೂರೇ ವರ್ಷಗಳಲ್ಲಿ ಈ ಆರ್ಷಪದ ಕಚೇರಿಯ ಕಡತಗಳ ಮಾತಾಯಿತು. ಸಹಾರಾದ ದಕ್ಷಿಣದ ಆಫ್ರಿಕವನ್ನು ಕುರಿತ 1989ರ ವಿಶ್ವಬ್ಯಾಂಕಿನ ವರದಿ ಅಲ್ಲಿನ ಸಂಕಟವನ್ನು ‘ಗವರ್ನೆನ್ಸ್’ನ ಬಿಕ್ಕಟ್ಟೆಂದು ಬಣ್ಣಿಸಿತು. 1992ರಲ್ಲಿ ಅದೇ ಬ್ಯಾಂಕು ಈ ಪದವನ್ನೇ ಶೀರ್ಷಿಕೆಯಲ್ಲಿಟ್ಟು ಮತ್ತೊಂದು ಪುಸ್ತಿಕೆ ತಂದಿತು. ಕಂಪನಿಗಳ ಆಡಳಿತವನ್ನು ಕುರಿತ ಬ್ರಿಟನ್ನಿನ ಕ್ಯಾಡ್‌ಬರಿ ವರದಿ ಹೊರಬಂದದ್ದೂ 1992ರಲ್ಲೇ. ಬ್ಯಾಂಕಿಗೆ ‘ಗವರ್ನ್‌ಮೆಂಟ್’ ಏಕೆ ಸಾಲದಾಯಿತು? ಅದರ ಸ್ಥಾಪನಾ ಕರಾರಿನ ನಾಲ್ಕನೆಯ ವಿಧಿಯ ಹತ್ತನೆಯ ಪ್ರಕರಣ ಸದಸ್ಯರಾಷ್ಟ್ರಗಳ ರಾಜಕೀಯದಲ್ಲಿ ತಲೆಹಾಕುವುದನ್ನು ನಿಷೇಧಿಸುತ್ತದೆ. ಒಂದು ದೇಶದ ‘ಗವರ್ನ್‌ಮೆಂಟ್’ ಕೆಟ್ಟದ್ದೆಂದರೆ ಆರೋಪ ನಿರ್ದಿಷ್ಟ ವ್ಯಕ್ತಿಗಳ ಮೇಲೆ ಹೋಗುತ್ತದೆ. ‘ಗವರ್ನೆನ್ಸ್’ ಕೆಟ್ಟದ್ದೆಂದರೆ ಕರ್ತೃ ಕಾಣಿಸುವುದಿಲ್ಲ. ಅದು ರೋಗಲಕ್ಷಣವನ್ನು ಹೆಸರಿಸಿದಂತೆ. ಇದೊಂದೇ ಕಾರಣವೆಂದು ಹೇಳಲಾರೆ. ಆದರೆ ಸಂಸ್ಥೆಯಾಗಿ ಗಟ್ಟಿಗೊಂಡ ಪದ ಕ್ರಿಯೆಯನ್ನು ಹೇಳಲಾರದೆ ಹೋದಾಗ, ಕರ್ತೃವನ್ನು ಹೇಳದೆ ಕ್ರಿಯೆಯನ್ನಷ್ಟೇ ಹೇಳುವ ರೂಪವೊಂದು ಬೇಕಾಯಿತು; ಬಳಕೆಯಿಂದ ಹೊರಗಿದ್ದ ‘ಗವರ್ನೆನ್ಸ್’ಗೆ ಅಂತಹ ಹಳೆಯ ಹಂಗುಗಳಿರಲಿಲ್ಲ. ಇಂದಿಗೂ ಇಂಗ್ಲಿಷಿನಲ್ಲಿ ‘ಗವರ್ನ್‌ಮೆಂಟ್’ ರಾಜೀನಾಮೆ ಕೊಡುತ್ತದೆ, ‘ಗವರ್ನೆನ್ಸ್’ ಕೊಡುವುದಿಲ್ಲ. ಚುಕ್ಕಾಣಿಯ ನಿಷ್ಪತ್ತಿಯನ್ನು ಇದರ ಸಮರ್ಥನೆಗೆ ತಂದದ್ದು ಆಮೇಲಿನ ಮಾತು.

ನಮ್ಮ ಶಾಸ್ತ್ರದಲ್ಲೇ ಈ ಪದ ಪಡೆದ ಬಾಳು ಇದಕ್ಕೆ ಒಳ್ಳೆಯ ಹೋಲಿಕೆ. ಕ್ರಿಯಾಪದವೋ ಉಪಸರ್ಗವೋ ನಾಮಪದದ ವಿಭಕ್ತಿಯನ್ನು ‘ಆಳುತ್ತದೆ’ ಎಂಬ ಪರಿಕಲ್ಪನೆ ಮಧ್ಯಯುಗದ ಲ್ಯಾಟಿನ್ ವೈಯಾಕರಣರ ‘ರೆಗೆರೆ’, ‘ರೆಜಿಮೆನ್’ಗಳಿಂದ ಬಂದದ್ದು. 1795ರ ವ್ಯಾಕರಣದಲ್ಲಿ ಲಿಂಡ್ಲಿ ಮರ್ರೆ ವಾಕ್ಯರಚನೆಯನ್ನು ಅನ್ವಯ ಮತ್ತು ‘ಗವರ್ನ್‌ಮೆಂಟ್’ ಎಂದು ಎರಡಾಗಿ ವಿಭಾಗಿಸಿದ. 1981ರಲ್ಲಿ ಚೋಮ್‌ಸ್ಕಿ ತನ್ನ ಉಪನ್ಯಾಸಗಳ ಶೀರ್ಷಿಕೆಯಲ್ಲೇ ಅದನ್ನು ಇಟ್ಟು, ಮುಂದಿನ ದಶಕದ ಮಿನಿಮಲಿಸ್ಟ್ ಯೋಜನೆಯಲ್ಲಿ ಕೈಬಿಟ್ಟ. ಈ ಶತಮಾನಗಳುದ್ದಕ್ಕೂ ವ್ಯಾಕರಣದ ‘ಗವರ್ನ್‌ಮೆಂಟ್’ ಸಂಬಂಧವಾಗಿಯೇ ಉಳಿಯಿತು, ಸಂಸ್ಥೆಯಾಗಲಿಲ್ಲ. ಪಾಣಿನೀಯರ ‘ಅಧಿಕಾರ’ಸೂತ್ರವೂ ಮುಂದಿನ ಸೂತ್ರಗಳ ಮೇಲೆ ವ್ಯಾಪಿಸುವ ಸಂಬಂಧವೇ ಎಂಬುದನ್ನು ಇಲ್ಲಿ ನೆನೆಯಬಹುದು. ಯಂತ್ರಶಾಸ್ತ್ರದಲ್ಲೂ ಹಾಗೆಯೇ: ಉಗಿಯಂತ್ರದ ವೇಗವನ್ನು ಹದದಲ್ಲಿಡುವ ‘ಗವರ್ನರ್’ ಕುರಿತು ಮ್ಯಾಕ್ಸ್‌ವೆಲ್ 1868ರಲ್ಲಿ ಬರೆದ. 1948ರಲ್ಲಿ ನಾರ್ಬರ್ಟ್ ವೀನರ್ ಅದೇ ಗ್ರೀಕ್ ಮೂಲಕ್ಕೆ ಮರಳಿ ‘ಸೈಬರ್ನೆಟಿಕ್ಸ್’ ಎಂಬ ಹೆಸರನ್ನು ತನ್ನ ಶಾಸ್ತ್ರಕ್ಕಿಟ್ಟ. ಆಳುವವರ ಗುಂಪು ಇಲ್ಲದಿರುವಲ್ಲಿ ಪದ ಗಟ್ಟಿಯಾಗುವ ಸಂದರ್ಭವೂ ಇರಲಿಲ್ಲ.

ಕನ್ನಡಕ್ಕೆ ಈ ಪದಕುಲ ಅನುವಾದವಾಗಿ ಬಂದಾಗ ಪರಿಸ್ಥಿತಿ ಬೇರೆ. ‘ಗವರ್ನ್‌ಮೆಂಟ್’ಗೆ ಸಲ್ಲುವ ‘ಸರ್ಕಾರ’ ಪಾರಸಿಯದು. ತಲೆ ಮತ್ತು ಕೆಲಸ ಎಂಬರ್ಥದ ಎರಡು ಪದಗಳಿಂದಾದ ಅದು ಒಡೆಯನನ್ನು ಸೂಚಿಸುತ್ತಿದ್ದು ಸಂಸ್ಥೆಯನ್ನು ಸೂಚಿಸುವಂತಾಯಿತು, ಕ್ರಿಯಾನಾಮವಾಗಿ ಎಂದೂ ನಿಲ್ಲಲಿಲ್ಲ. ದೇಶ್ಯವಾದ ‘ಆಳ್’ ಧಾತುವಿನ ‘ಆಳ್ವಿಕೆ’ ಕ್ರಿಯೆಯಾಗಿ, ಅವಧಿಯಾಗಿ ಉಳಿದಿದೆ. (ಸೇವಕನೆಂಬರ್ಥದ ‘ಆಳು’ ಇದೇ ಧಾತುವಿನದೆಂದು ಚಮತ್ಕಾರಕ್ಕಾಗಿ ಹೇಳುವುದುಂಟು. ಆಳು ಎಂಬರ್ಥದ ತೆಲುಗಿನ ‘ಏಲು’ ರೂಪವನ್ನು ಎದುರಿಗಿಟ್ಟುಕೊಂಡರೆ ಅಷ್ಟು ಅವಸರ ಸಲ್ಲದು.) ‘ಗವರ್ನೆನ್ಸ್’ಗೆ ಬಳಕೆಯಾದದ್ದು ಮಾತ್ರ ‘ಆಡಳಿತ’, ‘ಅಡ್ಮಿನಿಸ್ಟ್ರೇಷನ್’ಗೆ ಮೊದಲೇ ಗೊತ್ತಾಗಿದ್ದ ಪದ. ಕರ್ನಾಟಕ ಸರ್ಕಾರದಲ್ಲಿ ಆಡಳಿತ ಸುಧಾರಣೆಯ ಇಲಾಖೆಯೂ ಇದೆ, ಇ-ಆಡಳಿತ ಕೇಂದ್ರವೂ ಇದೆ; ಇಂಗ್ಲಿಷ್ ಹೆಸರುಗಳಲ್ಲಿ ಎರಡು ಪದಗಳಿರುವಲ್ಲಿ ಕನ್ನಡದಲ್ಲಿ ಒಂದೇ. 1989ರ ವರದಿ ಬಯಸಿದ ವ್ಯತ್ಯಾಸ ಅನುವಾದದಲ್ಲಿ ದಾಟಿ ಬಂದಿಲ್ಲ. ಇತ್ತ ‘ಆಡಳಿತ’ವೂ ಸುಮ್ಮನೆ ಕುಳಿತಿಲ್ಲ. ಕನ್ನಡ ದಿನಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ‘ಜಿಲ್ಲಾಡಳಿತ’ ಎಚ್ಚರಿಕೆ ನೀಡುತ್ತದೆ, ರಜೆ ಘೋಷಿಸುತ್ತದೆ, ಮನವಿ ಸ್ವೀಕರಿಸುತ್ತದೆ. ವಾಕ್ಯದ ಕರ್ತೃಸ್ಥಾನದಲ್ಲಿ ನಿಂತು ಅಧಿಕಾರಿಗಳ ಸಮೂಹವನ್ನು ಸೂಚಿಸುತ್ತದೆ.