ತೈಲಬಾವಿಯ ಥ್ರೆಡ್, ಶಿಡ್ಲಘಟ್ಟದ ಬೋರ್‌ವೆಲ್

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳ ಅಡಿಯಲ್ಲಿರುವುದು ಗಟ್ಟಿ ನೈಸ್ ಬಂಡೆ. ತೈಲಕ್ಕೂ ಈ ನೆಲಕ್ಕೂ ಸಂಬಂಧವೇ ಇಲ್ಲ. ಆದರೂ ಇಲ್ಲಿ ಬೋರ್ ಕೊರೆಯುವ ಎಷ್ಟೋ ಹ್ಯಾಮರ್‌ಗಳು ರಾಡಿಗೆ ಕೂಡುವ ಥ್ರೆಡ್ಡಿಗೆ ‘ಎಪಿಐ ರೆಗ್ಯುಲರ್’ ಎಂದು ಹೆಸರು. ಎಪಿಐ ಎಂದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್.

ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ತೈಲಕ್ಷೇತ್ರಗಳಲ್ಲಿ ಸಲಕರಣೆಗೆ ಬರ ಬಂತು. ಕಂಪನಿಗಳು ಪೈಪುಗಳನ್ನು ಹಂಚಿಕೊಳ್ಳಲು ಹೊರಟರೆ ಒಬ್ಬರ ಥ್ರೆಡ್ ಇನ್ನೊಬ್ಬರದಕ್ಕೆ ಕೂಡುತ್ತಿರಲಿಲ್ಲ. 1919ರಲ್ಲಿ ಹುಟ್ಟಿದ ಎಪಿಐ 1924ರಿಂದ ಮಾನಕಗಳನ್ನು ಪ್ರಕಟಿಸತೊಡಗಿತು. ಎಂಜಿನಿಯರುಗಳದೂ ಒಂದು ಸಂಘ ಬೆಳೆಯಿತು. 1871ರ ಗಣಿ ಎಂಜಿನಿಯರುಗಳ ಸಂಸ್ಥೆಯ ಒಡಲಿನಿಂದಲೇ 1957ರಲ್ಲಿ ಸೊಸೈಟಿ ಆಫ್ ಪೆಟ್ರೋಲಿಯಂ ಎಂಜಿನಿಯರ್ಸ್ ಬಂತು. ಇವೆಲ್ಲಕ್ಕಿಂತ ನಮಗೆ ಮುಖ್ಯವಾದದ್ದು ಟೆಕ್ಸಾಸಿನ 1919ರ ‘ನಿಯಮ 37’. ಪಕ್ಕದವನು ಹೀರುವ ಮೊದಲೇ ತಾನು ಹೀರಬೇಕೆಂದು ಒತ್ತೊತ್ತಾಗಿ ಬಾವಿ ಕೊರೆಯುತ್ತಿದ್ದ ಜನರಿಗೆ ಅದು ಬಾವಿಯಿಂದ ಬಾವಿಗೆ 300 ಅಡಿ, ಗಡಿಯಿಂದ 150 ಅಡಿ ಅಂತರ ವಿಧಿಸಿತು.

ಭಾರತದ ಗಟ್ಟಿಬಂಡೆ ಪ್ರದೇಶಕ್ಕೆ ಗಾಳಿಯ ಒತ್ತಡದ ಹ್ಯಾಮರ್ ರಿಗ್‌ಗಳು ದೊಡ್ಡದಾಗಿ ಬಂದದ್ದು 1967ರ ಬರದ ಹೊತ್ತಿಗೆ, ಯುನಿಸೆಫ್ ನೆರವಿನಿಂದ. ಹಿಂದೆಯೇ ಕೈಪಂಪುಗಳು ಕೆಟ್ಟು ನಿಲ್ಲುವ ಸಮಸ್ಯೆ ಎದ್ದಿತು. ಸೊಲ್ಲಾಪುರದ ಪಂಪಿನಿಂದ ಬೆಳೆದ ಇಂಡಿಯಾ ಮಾರ್ಕ್ 2 ಪಂಪಿಗೆ 1979ರಲ್ಲಿ ಐಎಸ್ 9301 ಎಂಬ ಭಾರತೀಯ ಮಾನಕ ಬಂತು. ಯಾವ ಕಾರ್ಖಾನೆಯ ಬಿಡಿಭಾಗವಾದರೂ ಯಾವ ಊರಿನ ಪಂಪಿಗಾದರೂ ಹೊಂದಬೇಕು ಎಂಬುದೇ ಅದರ ಹಟ. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ ಇದೇ. ಕೊಳವೆಬಾವಿ ಕಟ್ಟುವ ಕ್ರಮಕ್ಕೆ ಐಎಸ್ 2800, ಪ್ಲಾಸ್ಟಿಕ್ ಕೇಸಿಂಗ್‌ಗೆ ಐಎಸ್ 12818 ಇವೆ. ಇಲ್ಲೂ ಸಂಘವೊಂದು ಬೆಳೆಯಿತು: ಬೆಂಗಳೂರಿನಲ್ಲಿ 1958ರಲ್ಲಿ ಸ್ಥಾಪನೆಯಾದ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾವನ್ನು ದಶಕಗಳ ಕಾಲ ಬೆಳೆಸಿದ ಬಿ.ಪಿ. ರಾಧಾಕೃಷ್ಣ ಅವರು ಅಂತರ್ಜಲದ ಅಧ್ಯಯನಕ್ಕೂ ಒತ್ತು ಕೊಟ್ಟರು.

ನಿಯಮ 37ರಂತೆ ಇಲ್ಲೂ ಕಾನೂನುಗಳು ಬಂದವು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ಕೂಡದೆಂದು ಕರ್ನಾಟಕದ 1999ರ ಕಾಯ್ದೆ ಹೇಳಿತು. ಕೈಬಿಟ್ಟ ಬೋರ್‌ಗಳ ಬಾಯಿ ಮುಚ್ಚಬೇಕೆಂದು 2010ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿತು. ಕರ್ನಾಟಕದ 2011ರ ಅಂತರ್ಜಲ ಕಾಯ್ದೆ ಬಾವಿಗಳ ನೋಂದಣಿಯನ್ನು ತಂದಿತು.

ಆದರೆ ತೋಟದಲ್ಲಿ ನಡೆಯುವುದೇ ಬೇರೆ. ನೀರಿನ ಪಾಯಿಂಟ್ ನೋಡಿಸಿ, ಪೂಜೆ ಮಾಡಿ, ರಿಗ್ ಲಾರಿ ಕರೆಸುತ್ತಾರೆ. ರಿಗ್ ಬಹುಮಟ್ಟಿಗೆ ತಮಿಳುನಾಡಿನ ತಿರುಚೆಂಗೋಡಿನ ಕಡೆಯದು. ಇಲ್ಲಿ ನೀರಿರುವುದು ಬಂಡೆಯ ಬಿರುಕುಗಳಲ್ಲಿ. ಸಾವಿರ ಅಡಿ ದಾಟಿದರೂ ಸಿಗದೆ ಬೋರ್ ಫೇಲ್ ಆಗುವುದುಂಟು. ರೈತನ ಕೈಗೆ ಬರುವುದು ಅಡಿ ಲೆಕ್ಕದ ಬಿಲ್ಲು. ಯಾವ ಆಳದಲ್ಲಿ ಬಿರುಕು ಸಿಕ್ಕಿತು, ಎಷ್ಟು ಇಂಚು ನೀರು ಬಂತು, ಫ್ಲೋರೈಡ್ ಎಷ್ಟು ಎಂಬ ದಾಖಲೆ ಅದರ ಜೊತೆ ಬರುವುದು ಅಪರೂಪ. ತೈಲದವರು ತಮ್ಮ ಬಾವಿಗಳಲ್ಲಿ ಇಂಥ ದಾಖಲೆಯನ್ನು ಬರೆದಿಡದೆ ಮುಂದಿನ ಬಾವಿಗೆ ಹೋಗುವುದಿಲ್ಲ. ಅವರ ಥ್ರೆಡ್ಡನ್ನು ನಾವು ತಂದುಕೊಂಡೆವು, ಅವರ ದಾಖಲೆ ಪುಸ್ತಕವನ್ನು ಅಲ್ಲೇ ಬಿಟ್ಟೆವು. ನಮ್ಮ ನೀರಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ನಷ್ಟ ನನಗೆ ಕಾಣದು.

ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ಹೆಬ್ಬಾಳ–ನಾಗವಾರ ಯೋಜನೆಯ ನೀರು ಈಗ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಅದು ಅಂತರ್ಜಲವನ್ನು ಎಷ್ಟು ಮೇಲೆತ್ತಿತು, ಅಂತರ್ಜಲದ ಗುಣ ಹೇಗೆ ಬದಲಾಯಿತು ಎಂದು ತೋಟ ತೋಟಕ್ಕೂ ತಿಳಿಯಬೇಕಾದರೆ ಕೊರೆದ ದಿನದ ಲೆಕ್ಕ ಬೇಕು. ಬೋರ್ ಬಿಲ್ಲಿನ ಜೊತೆ ಒಂದು ಹಾಳೆಯ ದಾಖಲೆಯನ್ನು ಕಡ್ಡಾಯ ಮಾಡಿ, ಅದರ ಪ್ರತಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಇಡಿಸುವುದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ.