ಗಡಿಯ ಸೆರೆ: ‘ಪರದೇಸಿ’ ಚಿತ್ರ ಮತ್ತು ಬೀದರಿನ ನಿಕಿತಿನ್

ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ 15ನೆಯ ಶತಮಾನದಲ್ಲಿ ಬಹಮನಿ ರಾಜಧಾನಿ ಬೀದರಿಗೆ ಬಂದು ಬರೆದಿಟ್ಟ ಪ್ರವಾಸಕಥನವನ್ನು ಆಧರಿಸಿ ಕ್ವಾಜಾ ಅಹಮದ್ ಅಬ್ಬಾಸ್ ಮತ್ತು ವಸೀಲಿ ಪ್ರೋನಿನ್ ನಿರ್ದೇಶಿಸಿದ ‘ಪರದೇಸಿ’ (1957), ಭಾರತ–ಸೋವಿಯತ್ ಸಹನಿರ್ಮಾಣದ, ಅಂದರೆ ಎರಡು ದೇಶಗಳ ಸಂಸ್ಥೆಗಳು ಕೂಡಿ ತೆಗೆದ ಚಿತ್ರಗಳಲ್ಲಿ ಮೊದಲನೆಯದು. ಒಲೆಗ್ ಸ್ತ್ರಿಝೆನೊವ್ ನಿಕಿತಿನನಾಗಿ, ನರ್ಗಿಸ್ ಚಂಪಾ ಆಗಿ, ಪೃಥ್ವಿರಾಜ್ ಕಪೂರ್ ಬಹಮನಿ ಮಂತ್ರಿ ಮಹಮೂದ ಗವಾನನಾಗಿ ಅಭಿನಯಿಸಿದ ಈ ಚಿತ್ರ 1958ರ ಕಾನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿತ್ತು. ಔರಾದ, ಭಾಲ್ಕಿ ತಾಲ್ಲೂಕುಗಳೊಡನೆ ಬೀದರ ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷವೇ ತೆರೆಕಂಡರೂ, ಹಿಂದಿ ಚಿತ್ರಗಳ ಲೆಕ್ಕಕ್ಕೆ ಸಂದುಹೋದ ಅದಕ್ಕೆ ಕನ್ನಡದ ಚರ್ಚೆಯಲ್ಲಿ ದಕ್ಕಿದ ಜಾಗ ಕಿರಿದು.

ಮನೆಮಂದಿಯೆಲ್ಲ ಕೂತು ನೋಡುವ ಸಾಹಸಕಥೆಯಾಗಲೆಂದು ಚಿತ್ರವು ಆಕರದಲ್ಲಿಲ್ಲದ ಪ್ರೇಮಪ್ರಸಂಗವನ್ನು ನಡುವೆ ತಂದಿದೆ, ಇದು ಕ್ಷಮಾರ್ಹವೇ. ಆದರೆ ನಿಕಿತಿನನ ಬರಹದ ನಿಜವಾದ ಎಳೆ ಪ್ರೇಮವಲ್ಲ, ಸೆರೆ. ಕ್ಯಾಸ್ಪಿಯನ್ ತೀರದ ತರ್ಕಿಯ ಬಳಿ ಹಡಗೊಡೆದ ಅವನ ಸಂಗಡಿಗರನ್ನು ಅಲ್ಲಿನ ಕೈತಾಕ ಜನಾಂಗದವರು ಹಿಡಿದೊಯ್ದರು; ಶಿರ್ವಾನಿನ ದೊರೆ ಮಧ್ಯೆ ಪ್ರವೇಶಿಸಿದ ಮೇಲೆಯೇ ಅವರಿಗೆ ಬಿಡುಗಡೆಯಾಯಿತು. ಭಾರತಕ್ಕೆ ಬಂದ ಮೇಲೆ ಜುನ್ನರಿನಲ್ಲಿ ಅಲ್ಲಿನ ಅಧಿಪತಿ ಅಸದ್ ಖಾನ್, ನಿಕಿತಿನ್ ಮುಸ್ಲಿಮನಲ್ಲವೆಂದು ತಿಳಿದು ಅವನ ಕುದುರೆಯನ್ನು ಕಸಿದುಕೊಂಡು, ಮತಾಂತರವಾದರೆ ಕುದುರೆಯ ಜೊತೆಗೆ 1000 ಚಿನ್ನದ ನಾಣ್ಯ, ಒಪ್ಪದಿದ್ದರೆ ಕುದುರೆಯೂ ಹೋಗಿ 1000 ನಾಣ್ಯ ದಂಡವೆಂದು ನಾಲ್ಕು ದಿನದ ಗಡುವು ಕೊಟ್ಟ. ಖುರಾಸಾನಿನ ಖೋಜಾ ಮುಹಮ್ಮದನ ಮಾತಿನಿಂದ ಕುದುರೆ ಮರಳಿತು.

ಬೀದರಿನಲ್ಲಿ ಬೇಡಿ ಇರಲಿಲ್ಲ, ಆದರೆ ನಿಗಾ ಇತ್ತು. ಸುಲ್ತಾನನ ಅರಮನೆಗೆ ಏಳು ಬಾಗಿಲು, ಒಂದೊಂದರಲ್ಲೂ ನೂರು ಕಾವಲುಗಾರರು ಮತ್ತು ಒಳಹೋಗುವವರನ್ನೂ ಹೊರಬರುವವರನ್ನೂ ಬರೆದುಕೊಳ್ಳುವ ನೂರು ಲೇಖಕರು. ಪರದೇಶದವರಿಗೆ ಪ್ರವೇಶವಿಲ್ಲವೆಂದು ಅವನು ದಾಖಲಿಸುತ್ತಾನೆ. ಖೋಜಾ ಯೂಸುಫ್ ಖುರಾಸಾನಿ ಎಂಬ ಹೆಸರಿನಲ್ಲಿ ಓಡಾಡಿದವನು, ತಾನು ಕ್ರೈಸ್ತನೆಂದು ತಿಳಿಸಿದ ಮೇಲೆ ಇಲ್ಲಿನ ಹಿಂದೂಗಳು ತನ್ನಿಂದ ಏನನ್ನೂ ಮರೆಮಾಚಲಿಲ್ಲ ಎನ್ನುತ್ತಾನೆ. ವರ್ಷವಿಡೀ ಮೇಯಿಸಿದ ಕುದುರೆಯನ್ನು ಇಲ್ಲೇ ಮಾರಿದ. ಪಶ್ಚಿಮದ ಯುದ್ಧಗಳಿಂದ ದಾರಿಗಳೆಲ್ಲ ಮುಚ್ಚಿವೆಯೆಂಬ ಅವನ ಅಳಲು, ಖಾನನ ಬೆದರಿಕೆಗಿಂತಲೂ ಗಾಢವಾದ ಬಂಧನದ ದಾಖಲೆ. ಅವನು ತ್ವೇರಿನಿಂದ ಹೊರಟದ್ದು 1466ರಲ್ಲೆಂಬುದು ಹಳೆಯ ಎಣಿಕೆ, 1468ರಲ್ಲೆಂಬುದು ಈಚಿನದು.

ಕೊನೆಗೆ ಊರಿನತ್ತ ಮರಳಿ ಹೊರಟರೂ, ತ್ವೇರ್ ತಲುಪುವ ಮುನ್ನವೇ, ಸ್ಮೊಲೆನ್ಸ್ಕ್ ಸೇರುವ ದಾರಿಯಲ್ಲಿ ನಿಕಿತಿನ್ ತೀರಿಕೊಂಡ. ಅವನ ಬರಹ ವರ್ತಕರ ಕೈಯಿಂದ ಮಾಸ್ಕೋದ ಅಧಿಕಾರಿ ವಸೀಲಿ ಮಾಮಿರೆವನಿಗೆ ತಲುಪಿ ಉಳಿಯಿತು.