ದುಂಬಿಯ ಚಿತ್ರ

ಕನ್ನಡ ಕಾವ್ಯದಲ್ಲಿ ದುಂಬಿಗೆ ದೊರೆತ ಮರ್ಯಾದೆ ನಮ್ಮ ಹಿತ್ತಿಲಿನಲ್ಲಿ ಅದಕ್ಕೆ ದೊರೆಯಲಿಲ್ಲ. ಕ್ರಿ.ಶ. 941ರ ಸುಮಾರಿಗೆ ರಚಿತವಾದ 'ವಿಕ್ರಮಾರ್ಜುನ ವಿಜಯ'ದಲ್ಲಿ ಪಂಪನು, ಮನುಷ್ಯನಾಗಿ ಅಲ್ಲದಿದ್ದರೆ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಬನವಾಸಿ ನಾಡಿನಲ್ಲಿ ಹುಟ್ಟಬೇಕೆಂಬ ಹಂಬಲವನ್ನು ತೋಡಿಕೊಂಡಿದ್ದಾನೆ. ಆ ಬನವಾಸಿ ಪನ್ನಿರ್ಛಾಸಿರವನ್ನೂ ಪಾನುಂಗಲ್ಲು ಐನೂರನ್ನೂ ಮುಂದೆ ಹಾನಗಲ್ಲಿನ ಕದಂಬರು ಆಳಿದರು. ಆದ್ದರಿಂದ ಪಂಪನ ದುಂಬಿ ನಮ್ಮ ಸೀಮೆಯದೂ ಹೌದು.

ಹಾನಗಲ್ಲಿನ ತಾರಕೇಶ್ವರ ದೇವಾಲಯದ ಛತ್ತಿನಲ್ಲಿ ಶಿಲ್ಪಿಗಳು ಬೃಹತ್ ಕಮಲವನ್ನು ಅರಳಿಸಿದ್ದಾರೆ. ಕವಿಯ ಕಣ್ಣು ದುಂಬಿಯ ಮೇಲೆ ನೆಟ್ಟರೆ, ಶಿಲ್ಪಿಯ ಉಳಿ ಹೂವಿನ ಮೇಲೆ ನಿಂತಿತು. ಹೂವನ್ನು ಕಾಯಿಯಾಗಿಸುವ ಜೀವಿಯನ್ನು ನಿಟ್ಟಿಸಿ ನೋಡುವ ಅಭ್ಯಾಸ ಜನಸಾಮಾನ್ಯರಲ್ಲಿ ಬೆಳೆಯಲಿಲ್ಲ.

ಮನೆಯ ತೊಲೆಯನ್ನು ಕೊರೆಯುವ ಕಪ್ಪು ದುಂಬಿಯನ್ನು ಕಂಡೊಡನೆ ಕಸಬರಿಗೆ ಹುಡುಕುವವರೇ ಹೆಚ್ಚು. ಅದು ಕಟ್ಟಿಗೆಯನ್ನು ತಿನ್ನುವುದಿಲ್ಲ. ಹೆಣ್ಣುದುಂಬಿಯು ಒಣಮರದಲ್ಲಿ ಸುರಂಗ ಕೊರೆದು, ಪರಾಗ ಮತ್ತು ಮಕರಂದದ ಉಂಡೆಯಿಟ್ಟು, ಅದರ ಮೇಲೆ ಮೊಟ್ಟೆಯಿಡುತ್ತದೆ. ಗಂಡುದುಂಬಿಗಂತೂ ಚುಚ್ಚುವ ಮುಳ್ಳೇ ಇಲ್ಲ. ಬದನೆಯ ಹೂವಿನಲ್ಲಿ ಪರಾಗವು ಕೊಳವೆಯಂತಹ ಕೇಸರಗಳೊಳಗೆ ಅಡಗಿರುತ್ತದೆ. ದುಂಬಿಯು ಹೂವನ್ನು ಹಿಡಿದು ಮೈ ಕಂಪಿಸಿದಾಗ ಅದು ಹೊರಚೆಲ್ಲುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ಜೇನಿಗೆ ಈ ವಿದ್ಯೆ ಬಾರದು. ಸವಣೂರು, ಶಿಗ್ಗಾವಿಯ ತೋಟಗಳ ಬದನೆ ಈ ಗುಂಯ್‌ಗಾನದ ಋಣದಲ್ಲಿದೆ.

ಜಗತ್ತು ಈ ಜೀವಿಯನ್ನು ಅರಿತ ಬಗೆಯಲ್ಲಿ ಚಿತ್ರಕಲೆಗೆ ದೊಡ್ಡ ಪಾಲಿದೆ. ಲಂಡನ್ನಿನಲ್ಲಿ ಅಕ್ಕಸಾಲಿಗನಾಗಿದ್ದ ಡ್ರೂ ಡ್ರೂರಿ ಎಂಬ ಕೀಟಪ್ರೇಮಿಯು 1770ರಿಂದ ಹೊರತಂದ ಸಚಿತ್ರ ಗ್ರಂಥಕ್ಕೆ ಮೋಸೆಸ್ ಹ್ಯಾರಿಸ್ ಎಂಬ ಕಲಾವಿದ ಚಿತ್ರ ಬರೆದನು. ನಮ್ಮ ಘಟ್ಟದ ಸೀಮೆಯಲ್ಲೂ ಕಾಣುವ ದೊಡ್ಡ ದುಂಬಿಗೆ ಡ್ರೂರಿ ಇಟ್ಟ ಹೆಸರು 'ಲಾಟಿಪೆಸ್', ಅಂದರೆ ಅಗಲ ಪಾದದ್ದು. ಗಂಡಿನ ಮುಂಗಾಲನ್ನು ನಿಟ್ಟಿಸಿ ನೋಡಿದವರಿಗೆ ಮಾತ್ರ ಹೊಳೆಯಬಹುದಾದ ಹೆಸರದು! 1897ರಲ್ಲಿ ಸಿ.ಟಿ. ಬಿಂಗ್‌ಹ್ಯಾಮ್ ಭಾರತದ ಜೇನು ಮತ್ತು ಕಣಜಗಳನ್ನು ಕುರಿತು ಬರೆದ ಸಂಪುಟವೂ ವರ್ಣಚಿತ್ರಗಳೊಡನೆ ಪ್ರಕಟವಾಯಿತು.

ತರಗತಿಯಲ್ಲಿ ಜೇನಿನ ಚಿತ್ರ ಬರೆಯಲು ಹೇಳಿದರೆ ನೀವೆಲ್ಲರೂ ಹಳದಿ-ಕಪ್ಪು ಪಟ್ಟಿಯ ಒಂದೇ ಹುಳವನ್ನು ಬರೆಯುತ್ತಿದ್ದಿರಿ, ನೆನಪಿದೆಯೇ? ಹೊರಗೆ ಹೋಗಿ ನೋಡಿಬಂದ ಮೇಲೆ ಕಾಲು ಆರಾದವು, ರೆಕ್ಕೆ ನಾಲ್ಕಾದವು. ಒಬ್ಬ ಹುಡುಗ ಮಣ್ಣಿನ ಗೋಡೆಯಲ್ಲಿ ಗೂಡು ಮಾಡುವ ನೀಲಿಪಟ್ಟಿಯ ಜೇನನ್ನು ಬರೆದು ತಂದಿದ್ದ. ಮರುದಿನ ಆ ಗೋಡೆಗೆ ಕಲ್ಲೆಸೆಯಲು ಹೋದವರನ್ನು ತಡೆದವನೂ ಅವನೇ. ಸೂಕ್ಷ್ಮವಾಗಿ ನೋಡಿದ್ದನ್ನು ಕೊಲ್ಲುವುದು ಕಷ್ಟ.

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್, ಮರೆಯಾಗುತ್ತಿರುವ ಹಳ್ಳಿಯ ಬದುಕನ್ನು ಶಿಲ್ಪಗಳಲ್ಲಿ ಹಿಡಿದಿಟ್ಟಿದೆ. ಒಕ್ಕಲುತನವನ್ನೇ ಅರಿಯದ ಮಕ್ಕಳು ಅಲ್ಲಿ ನಿಂತು ಪ್ರಶ್ನೆ ಕೇಳುತ್ತಾರೆ. ಕಲೆಗೆ ಅಂತಹ ಶಕ್ತಿಯಿದೆ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಶಾಲೆಯ ಗೋಡೆಗಳ ಮೇಲೆ ಹೆಜ್ಜೇನು, ತುಡುವೆ, ಕೋಲುಜೇನು, ಚುಚ್ಚಲಾರದ ಮಿಸ್ರಿಜೇನು ಮತ್ತು ಈ ಕರಿದುಂಬಿ ತಮ್ಮ ನಿಜರೂಪದಲ್ಲಿ ಮೂಡಲಿ. ನಿಮ್ಮಲ್ಲಿ ಅನೇಕರು ಇಂದು ಶಿಕ್ಷಕರು, ಎಲ್ಲರೂ ತಂದೆತಾಯಂದಿರು. ತೊಲೆಯಲ್ಲಿ ದುಂಡನೆಯ ರಂಧ್ರ ಕಂಡ ದಿನ ಮಕ್ಕಳ ಕೈಗೆ ಕಸಬರಿಗೆಯ ಬದಲು ಪೆನ್ಸಿಲ್ ಕೊಡಿರಿ.